ಲಾಲ್‌ಬಾಗಿಗೆ ನಾವಿಬ್ಬರೇ

ಮದುವೆಯಾದ ಹೊಸದರಲ್ಲಿ ಅತ್ತೆ, ಮಾವ, ನಾದಿನಿಯರು, ಅವರ ಮಕ್ಕಳು ಎಲ್ಲ ಸೇರಿ ಹನ್ನೊಂದು ಜನ ತುಮಕೂರಿನಿಂದ ಬಸ್ಸಿನಲ್ಲಿ ಲಾಲ್‌ಬಾಗ್ ನೋಡಲು ಹೋಗಿದ್ದೆವು. ನಾದಿನಿಯ ಮಗನ ಕೈ ಹಿಡಿದುಕೊಂಡು ಚಿತ್ರಾನ್ನದ ಡಬ್ಬಿ ಕಾಯುವುದರಲ್ಲೇ ನನ್ನ ದಿನ ಮುಗಿದುಹೋಯಿತು. ಗಾಜಿನ ಮನೆಯನ್ನು ದೂರದಿಂದ ನೋಡಿದ್ದಷ್ಟೇ. “ಇನ್ನೊಂದು ಸಲ ನಾವಿಬ್ಬರೇ ಬರೋಣ” ಎಂದು ನಮ್ಮವರು ಮೆಲ್ಲಗೆ ಹೇಳಿದ್ದರು. ಆ ಇನ್ನೊಂದು ಸಲ ಬರಲು 40 ವರ್ಷ ಹಿಡಿಯಿತು.

ಹೋದ ವರ್ಷ ಅವರಿಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಿದ ಮೇಲೆ ಮಗ ಎಲ್ಲಿಗೂ ಒಬ್ಬರನ್ನೇ ಬಿಡುವುದಿಲ್ಲ. ಮದುವೆಯ ದಿನಕ್ಕೆ ಕಾರು ಮಾಡಿಕೊಡುತ್ತೇನೆ ಎಂದ. ಬೇಡಪ್ಪ, ರೈಲಿದೆ, ಮೆಟ್ರೊ ಇದೆ ಎಂದು ನಾವೇ ಹಟ ಹಿಡಿದೆವು. ಐದನೇ ತರಗತಿಯ ಮೊಮ್ಮಗಳು ನಮಗೆ ಪಾಠ ಮಾಡಿದಳು. “ಅಜ್ಜಿ, ತಪ್ಪಿಸಿಕೊಂಡರೆ ಮುಂದಿನ ಸ್ಟೇಷನ್‌ನಲ್ಲಿ ಇಳಿದು ನಿಂತ್ಕೋ.” ತಾತನ ಫೋನ್ ನಂಬರನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿದಳು. ನನ್ನ ಫೋನು ಚಾರ್ಜಿಗೆ ಇಟ್ಟಲ್ಲೇ ಮನೆಯಲ್ಲಿ ಉಳಿಯಿತು ಎಂಬುದು ರೈಲು ಹೊರಟ ಮೇಲೆ ನೆನಪಾಯಿತು.

ಮೆಜೆಸ್ಟಿಕ್ ಮೆಟ್ರೊ ನಿಲ್ದಾಣ ನೆಲದೊಳಗಿನ ಒಂದು ಪೇಟೆ. ನೇರಳೆ ಮತ್ತು ಹಸಿರು ಮಾರ್ಗಗಳು ಕೂಡುವುದು ಅಲ್ಲೇ. ನಾವು ಹತ್ತಬೇಕಿದ್ದುದು ಹಸಿರು ಮಾರ್ಗದ ರೈಲು. ಬಾಗಿಲು ತೆರೆದದ್ದೇ ತಡ, ಜನ ನನ್ನನ್ನು ಎತ್ತಿಕೊಂಡೇ ಒಳಗೆ ಹೋದಂತಾಯಿತು. ತಿರುಗಿ ನೋಡಿದರೆ ಗಾಜಿನ ಆಚೆ ನಮ್ಮವರು! ಬಾಗಿಲು ಮುಚ್ಚಿತ್ತು. ಅವರ ಮಾತ್ರೆಗಳೆಲ್ಲ ನನ್ನ ಚೀಲದಲ್ಲಿದ್ದವು. ನಾಲಿಗೆಯ ಕೆಳಗೆ ಇಟ್ಟುಕೊಳ್ಳುವುದೂ.

ಮೊಮ್ಮಗಳು ಹೇಳಿದಂತೆ ಚಿಕ್ಕಪೇಟೆಯಲ್ಲಿ ಇಳಿದು ನಿಂತೆ. ಹಿಂದಿನ ರೈಲು ಬಂತು, ಅವರು ಇಳಿಯಲಿಲ್ಲ. ಇನ್ನೊಂದು ಬಂತು. ಮೂರನೆಯದೂ ಹೋಯಿತು. ಬಾಯಿ ಒಣಗಿತು. ಮೆಟ್ಟಿಲು ಹತ್ತಿ ಹುಡುಕಲು ಓಡಿದರೋ, ಎಲ್ಲಾದರೂ ಕುಸಿದು ಕೂತರೋ ಎಂದು ಮನಸ್ಸು ಕೆಟ್ಟದ್ದನ್ನೇ ಎಣಿಸುತ್ತಿತ್ತು. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು “ಯಾಕೆ ಆಂಟಿ?” ಎಂದು ಕೇಳಿ, ತನ್ನ ಫೋನನ್ನೇ ಕೈಗಿಟ್ಟಳು. ಬಾಯಿಪಾಠದ ನಂಬರು ಒಂದಂಕಿ ತಪ್ಪದೆ ಬಂತು.

“ಎಲ್ಲಿದ್ದೀಯೇ? ಲಾಲ್‌ಬಾಗಿನಲ್ಲಿ ಆಗಲಿಂದ ಕಾಯ್ತಿದ್ದೀನಿ!”

“ಉಸಿರಾಟ ಸರಿಯಾಗಿದೆಯೇನ್ರೀ? ಅಲ್ಲೇ ಕೂತಿರಿ. ನಾನೇ ಬರ್ತೀನಿ.”

ಹುಡುಗಿ ಜೊತೆಗೆ ಬರುತ್ತೇನೆಂದಳು. ಬೇಡಮ್ಮ ಎಂದೆ. 62 ವರ್ಷದಲ್ಲಿ ಬೆಂಗಳೂರಿನಲ್ಲಿ ನಾನು ಒಬ್ಬಳೇ ಓಡಾಡಿದ್ದು ಅದೇ ಮೊದಲು. ಕೆ.ಆರ್. ಮಾರ್ಕೆಟ್ ದಾಟಿದ ಮೇಲೆ ರೈಲು ಸುರಂಗದಿಂದ ಹೊರಬಂದು ಮೇಲಕ್ಕೆ ಏರಿತು, ಕಿಟಕಿಯಲ್ಲಿ ಒಮ್ಮೆಲೇ ಬಿಸಿಲು, ಮನೆಗಳ ತಾರಸಿ. ಆ ಗಾಬರಿಯಲ್ಲೂ ಅದನ್ನು ನೋಡಿ ಖುಷಿಯಾಯಿತೆಂದರೆ ನಗಬೇಡಿ.

ಅವರು ಬೆವತುಕೊಂಡು ಕುಳಿತಿದ್ದರು. ಏನೂ ಮಾತಾಡದೆ ನನ್ನ ಹೆಗಲಿನ ಚೀಲ ತೆಗೆದುಕೊಂಡರು. ಜಗಳ ಶುರುವಾದದ್ದು ನೀರು ಕುಡಿದ ಮೇಲೆ. “ಮುಂದಿನ ಸ್ಟೇಷನ್ ಅಂತ ಹೇಳಿದ್ದು ನಿನಗೆ, ನನಗಲ್ಲ” ಎಂಬುದು ಅವರ ವಾದ. ತೋಟದ ಪಶ್ಚಿಮ ದ್ವಾರ ಬರುವ ತನಕ ಅದು ಮುಗಿಯಲಿಲ್ಲ.

ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ ಇದು, ಈಗ 240 ಎಕರೆ. ಅಷ್ಟನ್ನೂ ಸುತ್ತುವ ಶಕ್ತಿ ನಮಗಿರಲಿಲ್ಲ. ಗಾಜಿನ ಮನೆಯನ್ನು ಮಾತ್ರ ಈ ಸಲ ಹತ್ತಿರದಿಂದ, ಒಂದು ಸುತ್ತು ಪೂರ್ತಿ ನೋಡಿದೆ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿಯಲ್ಲಿ 1889ರಲ್ಲಿ ಇದರ ಕೆಲಸ ಶುರುವಾದದ್ದಂತೆ. ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ಗದ್ದಲ ಇರಲಿಲ್ಲ. ಕಬ್ಬಿಣದ ಕಮಾನುಗಳ ನಡುವೆ ಪಾರಿವಾಳಗಳು ಗುಟುರು ಹಾಕುತ್ತಿದ್ದವು. ಹೂವಿಲ್ಲದ ದಿನವೇ ಆ ಕಟ್ಟಡ ಚೆಂದ ಎಂದು ನನಗನ್ನಿಸಿತು.

ಆಮೇಲೆ ಬಂಡೆ. ಮೇಲೆ ಕೆಂಪೇಗೌಡರ ಗೋಪುರ ಕಾಣುತ್ತದೆ. ಶಾಲೆಯ ಮಕ್ಕಳ ಸಾಲಿನ ಹಿಂದೆ ನಾವೂ ಹತ್ತಿದೆವು. ಈ ಬಂಡೆಗೆ ಸುಮಾರು 300 ಕೋಟಿ ವರ್ಷ ಎಂದು ಮೇಷ್ಟರು ಹೇಳುತ್ತಿದ್ದರು. “ಡೈನೋಸಾರ್‌ಗಿಂತ ಹಳೇದಾ ಸಾರ್?” ಎಂದು ಒಬ್ಬ ಹುಡುಗ ಕೇಳಿದ. ಡೈನೋಸಾರ್‌ಗಳು ಬಂದದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ ಅಷ್ಟೇ ಎಂದಾಗ ಆ ಹುಡುಗ ಬಗ್ಗಿ ಬಂಡೆಯನ್ನು ಮುಟ್ಟಿ ನೋಡಿದ. ನಾನೂ ಮುಟ್ಟಿದೆ, ಬಿಸಿಯಾಗಿತ್ತು. ಅರ್ಧಕ್ಕೆ ನಮ್ಮವರ ಉಸಿರು ಸೋತಿತು. ಗೋಪುರದ ತನಕ ಹೋಗಲಿಲ್ಲ. ಅಲ್ಲೇ ಕೂತು ಚಿತ್ರಾನ್ನದ ಡಬ್ಬಿ ತೆರೆದೆವು. ಈ ಸಲ ಎರಡೇ ಪಾಲು.

ವಾಪಸಾಗುವಾಗ ಮೆಜೆಸ್ಟಿಕ್‌ನಲ್ಲಿ ಅವರು ನನ್ನ ಚೀಲದ ಪಟ್ಟಿಯನ್ನು ಬಿಡಲೇ ಇಲ್ಲ. ಸಂಜೆ ಮಗ ಫೋನ್ ಮಾಡಿ “ಏನೂ ತೊಂದರೆ ಆಗಲಿಲ್ವಲ್ಲ?” ಎಂದು ಕೇಳಿದ. “ಏನೂ ಇಲ್ಲಪ್ಪ” ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು. ಈ ಸಂಚಿಕೆ ಮನೆಗೆ ಬಂದ ದಿನ ಅವನಿಗೆ ಗೊತ್ತಾಗುತ್ತದೆ.