ಎತ್ತೋಕೆ ಇಬ್ಬರು ಬೇಕು



"ಏನಕ್ಕಾ, ಚಳವಳಿ ಬಿಟ್ಟುಬಿಟ್ರಾ?" ಅಂತ ಏಪ್ರಿಲ್ 14ರ ಕಾರ್ಯಕ್ರಮ ಆದ ಮೇಲೆ ಮೂರು ಜನ ಫೋನ್ ಮಾಡಿದ್ರು. ಬಿಟ್ಟಿಲ್ಲ. ನಮ್ಮವ್ವನಿಗೆ ಸ್ಟ್ರೋಕ್ ಆಗಿ 14 ತಿಂಗಳಾಯ್ತು. ಎಡಗೈ, ಎಡಗಾಲು ಸ್ವಾಧೀನದಲ್ಲಿಲ್ಲ. ಮನೆಯ ಕಷ್ಟ ಚಳವಳಿಯ ವಿಷಯ ಅಲ್ಲ ಅಂದ್ಕೊಂಡು ಇಷ್ಟು ದಿನ ಎಲ್ಲೂ ಬರೀಲಿಲ್ಲ. ಅದು ತಪ್ಪು ಅಂತ ಈಗ ಅನ್ನಿಸ್ತಿದೆ.

ಅವ್ವ 26 ವರ್ಷ ಪೌರಕಾರ್ಮಿಕಳಾಗಿ ಬೀದಿ ಗುಡಿಸಿದವಳು. ಊರಿನವರ ಹೇಸಿಗೆ ಬಾಚಿ ನನ್ನನ್ನು ಓದಿಸಿದಳು. ಈಗ ಅವಳದ್ದು ನಾನು ಬಾಚ್ತೀನಿ. ಅದರಲ್ಲಿ ಅಸಹ್ಯ ಇಲ್ಲ, ಆದರೆ ಸುಸ್ತು ಇದೆ. ಎರಡು ಗಂಟೆಗೊಮ್ಮೆ ಮಗ್ಗಲು ತಿರುಗಿಸಬೇಕು, ಇಲ್ಲದಿದ್ರೆ ಬೆನ್ನಲ್ಲಿ ಹುಣ್ಣಾಗುತ್ತೆ. ರಾತ್ರಿನೂ ಅಷ್ಟೇ. ಗಂಟಲಿಗೆ ಸಿಕ್ಕದ ಹಾಗೆ ನೆಟ್ಟಗೆ ಕೂರಿಸಿ ಗಂಜಿ ಕುಡಿಸಬೇಕು.

ಒಂದು ಏಜೆನ್ಸಿಯಿಂದ ಹೋಮ್ ನರ್ಸ್ ಗೊತ್ತು ಮಾಡಿದ್ವಿ. ಬಂದ ಹೆಣ್ಣುಮಗಳು ಗೋಡೆ ಮೇಲಿದ್ದ ಬಾಬಾಸಾಹೇಬರ ಫೋಟೋ ನೋಡಿ, "ನೀವು ಯಾವ ಪೈಕಿ?" ಅಂದಳು. ಕೊಟ್ಟ ಟೀ ಕುಡೀಲಿಲ್ಲ. ಮಾರನೇ ದಿನ ಬರಲೂ ಇಲ್ಲ. "ಅವರಿಗೆ ದೂರ ಆಗುತ್ತಂತೆ ಮೇಡಂ" ಅಂದ್ರು ಏಜೆನ್ಸಿಯವರು. ಈ 'ದೂರ' ಎಷ್ಟು ಕಿಲೋಮೀಟರ್ ಅಂತ ನಮ್ಮ ಜನಕ್ಕೆ ಗೊತ್ತಿದೆ.

ಆಮೇಲೆ ನನಗೆ ಹಠ ಬಂತು. ಯಾರ ಹಂಗೂ ಬೇಡ, ನಮ್ಮವ್ವನ್ನ ನಾನೊಬ್ಬಳೇ ನೋಡ್ಕೋತೀನಿ ಅಂದೆ. ಅದನ್ನೇ ಸ್ವಾಭಿಮಾನ ಅಂತಲೂ ಅಂದ್ಕೊಂಡೆ. ಏಳು ತಿಂಗಳು ಹಾಗೇ ನಡೀತು. ಒಂದು ರಾತ್ರಿ ಮೂರು ಗಂಟೆಗೆ ಬಟ್ಟೆ ಬದಲಿಸಿ ಮಲಗಿ ಹತ್ತು ನಿಮಿಷ ಆಗಿರಲಿಲ್ಲ, ಅವ್ವ ಮತ್ತೆ ಒದ್ದೆ ಮಾಡ್ಕೊಂಡಳು. ನಾನು ಅವಳ ಕೈ ಮೇಲೆ ಹೊಡೆದೆ. ಸ್ಪರ್ಶ ಗೊತ್ತಾಗೋ ಬಲಗೈ ಮೇಲೆ. ಅವ್ವ ಅಳಲಿಲ್ಲ. ಅದೇ ಕೈಯಲ್ಲಿ ನನ್ನ ನೈಟಿ ಹಿಡ್ಕೊಂಡು "ಮಲಿಕೋ ಮಗ" ಅಂದಳು.

ದೌರ್ಜನ್ಯದ ವಿರುದ್ಧ ಎಷ್ಟು ಕರಪತ್ರ ಬರೆದಿದ್ದೀನಿ ನಾನು! ಬೆಳಗಾಗೋವರೆಗೂ ಕೂತೇ ಇದ್ದೆ.

ಅವ್ವನ ಜೊತೆ ಕೆಲಸ ಮಾಡ್ತಿದ್ದ ಚಿಕ್ಕವ್ವ ಬೆಳಿಗ್ಗೆ ಬಂದಾಗ ಎಲ್ಲಾ ಹೇಳಿಬಿಟ್ಟೆ. ಉಗೀತಾಳೆ ಅಂದ್ಕೊಂಡಿದ್ದೆ. "ತುಂಬಿದ ತಳ್ಳುಗಾಡಿನ ಒಬ್ಬಳೇ ತಳ್ಳಿದ್ರೆ ಸೊಂಟ ಮುರೀತದೆ ಕಣವ್ವ. ನಾನೂ ನಿಮ್ಮವ್ವನೂ ಯಾವತ್ತೂ ಒಬ್ಬೊಬ್ಬರೇ ತಳ್ಳಿದೋರಲ್ಲ" ಅಂದಳು. ಆ ವಾರದಿಂದ ಮಂಗಳವಾರ, ಶನಿವಾರ ರಾತ್ರಿ ಚಿಕ್ಕವ್ವನೋ ಇನ್ನೊಬ್ಬರೋ ಅವ್ವನ ಪಕ್ಕ ಮಲಗ್ತಾರೆ. ತಿಂಗಳಿಗೊಮ್ಮೆ ದುಡ್ಡು ಹಾಕಿ ಸುಮ್ಮನಾಗ್ತಿದ್ದ ತಮ್ಮ ಈಗ ಎರಡು ಭಾನುವಾರ ಬರ್ತಾನೆ. ಅವ್ವನಿಗೆ ಸ್ನಾನ ಮಾಡಿಸೋದು ಅವನೂ ಕಲಿತ.

ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಕಥೆ ಇದೆ. ಭೇದಿಯಾಗಿ ತನ್ನ ಮಲದಲ್ಲೇ ಬಿದ್ದಿದ್ದ ಒಬ್ಬ ಭಿಕ್ಕುವನ್ನು ಬುದ್ಧ ನೋಡ್ತಾನೆ. ಬೇರೆ ಯಾವ ಭಿಕ್ಕುವೂ ಹತ್ತಿರ ಹೋಗಿರಲ್ಲ. ಬುದ್ಧ ನೀರು ಹಾಕ್ತಾನೆ, ಆನಂದ ತೊಳೀತಾನೆ. ಬುದ್ಧ ತಲೆ ಕಡೆ, ಆನಂದ ಕಾಲು ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸ್ತಾರೆ. ಆಮೇಲೆ ಸಂಘವನ್ನು ಸೇರಿಸಿ, ನಿಮಗೆ ಇಲ್ಲಿ ತಂದೆ ತಾಯಿ ಇಲ್ಲ, ಒಬ್ಬರನ್ನೊಬ್ಬರು ನೋಡ್ಕೊಳ್ಳದಿದ್ರೆ ಯಾರು ನೋಡ್ತಾರೆ ಅಂತ ಕೇಳ್ತಾನೆ. ಬುದ್ಧನೂ ಒಬ್ಬನೇ ಎತ್ತಲಿಲ್ಲ ಅನ್ನೋದು ನನಗೆ ಹೊಳೆದದ್ದು ಈಗ.

ನಾವು ಮಾತ್ರ ನೋಡ್ಕೊಳ್ಳೋರನ್ನ ಮರೀತೀವಿ. 1948ರಲ್ಲಿ ಬಾಬಾಸಾಹೇಬರನ್ನು ಮದುವೆಯಾದ ಡಾಕ್ಟರ್ ಸವಿತಾ, ಸಕ್ಕರೆ ಕಾಯಿಲೆಯಿಂದ ನರಳ್ತಿದ್ದ ಅವರನ್ನು ಕೊನೆವರೆಗೂ ನೋಡ್ಕೊಂಡ್ರು. ಅವರು ತೀರಿಕೊಂಡ ಮೇಲೆ ನಮ್ಮವರೇ ಕೆಲವರು ಆಕೆಯನ್ನು ಅನುಮಾನಿಸಿದ್ರು. ಆಕೆ ಹೇಗಿದ್ದಾರೆ ಅಂತ ಕೇಳಿದವರು ಎಷ್ಟು ಜನ?

'ಸೆಲ್ಫ್ ಕೇರ್' ಅಂದ್ರೆ ದುಡ್ಡಿರೋರ ಮಾತು ಅಂತ ನಗ್ತಿದ್ದೆ. ನನ್ನ ಪಾಲಿಗೆ ಅದು ವಾರಕ್ಕೆರಡು ರಾತ್ರಿ ನಿದ್ದೆ, ತಪ್ಪದೆ ನನ್ನ ಬಿಪಿ ಮಾತ್ರೆ, ನಾಚಿಕೆ ಬಿಟ್ಟು ಹೇಳ್ಕೊಳ್ಳೋಕೆ ಒಬ್ಬರು. ಯಾರೂ ಸಿಗದಿದ್ರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ನಾನು ಎರಡು ಸಲ ಮಾಡಿದ್ದೀನಿ.

ಇನ್ನೊಂದು ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡೋ ಮಾತಿದೆ. ನಮ್ಮ ಯಾವ ಹಕ್ಕೊತ್ತಾಯದ ಪಟ್ಟಿಯಲ್ಲೂ ಇದನ್ನ ನಾನು ನೋಡಿಲ್ಲ. ಪಟ್ಟಿ ಬರೆದವಳು ಎಷ್ಟೋ ಸಲ ನಾನೇ. ಈ ಸಲ ಸೇರಿಸೋಣ.

ಮುಂದಿನ ಸಭೆ ನಮ್ಮ ಮನೆಯಲ್ಲೇ ಇಟ್ಕೊಳ್ಳೋಣ. ಅವ್ವನೂ ಕೂತು ಕೇಳ್ತಾಳೆ. ಯಾರಾದ್ರೂ ಒಬ್ಬರು ಅರ್ಧ ಗಂಟೆ ಮುಂಚೆ ಬನ್ನಿ. ಅವಳನ್ನ ಎತ್ತಿ ಕೂರಿಸೋಕೆ ಇಬ್ಬರು ಬೇಕು.