ಕೆರೆ ಪಕ್ಕದಲ್ಲೇ ನೀರು ಹೊತ್ಕೊಂಡು ನಡೆದಿದ್ದು

"ಏಳು ಜನ ಹೆಂಗಸರು ಬೆನ್ನಿಗೆ ಬ್ಯಾಗು ಹಾಕ್ಕೊಂಡು ಎಲ್ಲಿಗೆ ಹೋಗಿದ್ರಿ?" ಅಂತ ಬೀದೀಲಿ ಎಲ್ಲರೂ ಕೇಳ್ತಾನೇ ಇದ್ದೀರಿ. ಒಬ್ಬೊಬ್ಬರಿಗೆ ಹೇಳೋ ಬದಲು ಇಲ್ಲೇ ಬರೀತೀನಿ. ಮದುವೆಗಲ್ಲ, ಹರಕೆಗೂ ಅಲ್ಲ. ಲಕ್ಷ್ಮೀಸಾಗರದ ಕೆರೆಯಿಂದ ನರಸಾಪುರದ ಕೆರೆ ತನಕ ಕೆರೆ ಅಂಚು, ಕಾಲುವೆ ದಡ ಹಿಡಿದು ನಡೆಯೋಕೆ. ರಾತ್ರಿ ನರಸಾಪುರದಲ್ಲಿ ಚಿಕ್ಕಮ್ಮನ ಮನೇಲಿ ಮಲಗಿ, ಮಾರನೇ ದಿನ ಅಲ್ಲಿಯ ಕೆರೆ ಏರಿ ಮೇಲೆಲ್ಲಾ ಓಡಾಡಿ ಬಸ್ಸು ಹತ್ತಿದ್ವಿ.

ನಮ್ಮ ಕೋಲಾರ ಜಿಲ್ಲೇಲಿ ವರ್ಷವೆಲ್ಲಾ ಹರಿಯೋ ಹೊಳೆ ಒಂದೂ ಇಲ್ಲ. ಅದಕ್ಕೇ ಹಿರಿಯರು ಕೆರೆ ಮೇಲೆ ಕೆರೆ ಕಟ್ಟಿದ್ರು. ಮೇಲಿನದು ತುಂಬಿ ಕೋಡಿ ಹರಿದ್ರೆ ಕೆಳಗಿನದಕ್ಕೆ ನೀರು. ನಾನು ಸೊಸೆಯಾಗಿ ಬಂದಾಗ ಅವೆಲ್ಲಾ ಬರೀ ಜಾಲಿ ಕಾಡು. ಸಾವಿರ ಅಡಿ ದಾಟಿ ಬೋರು ಕೊರೆದ್ರೂ ಧೂಳು ಬರ್ತಿತ್ತು. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಮೋರಿ ನೀರನ್ನ ಎರಡು ಹಂತ ಶುದ್ಧಿ ಮಾಡಿ, ಪೈಪಲ್ಲಿ ತಂದು ಮೊದಲು ಬಿಟ್ಟಿದ್ದೇ ಈ ಲಕ್ಷ್ಮೀಸಾಗರಕ್ಕೆ. ದಿನಕ್ಕೆ 44 ಕೋಟಿ ಲೀಟರು, ನೂರಕ್ಕೂ ಹೆಚ್ಚು ಕೆರೆ ತುಂಬಿಸೋ ಯೋಜನೆ. ಅಲ್ಲಿಂದ ಮುಂದಕ್ಕೆ ಕಾಲುವೆ ಹಿಡಿದು ಕೆರೆಯಿಂದ ಕೆರೆಗೆ ಇಳಿಯುತ್ತೆ.

ಬ್ಯಾಗಿಗೆ ಏನೇನು ಹಾಕಿದ್ವಿ ಅಂದ್ರೆ, ರಾಗಿ ರೊಟ್ಟಿ, ಹುಚ್ಚೆಳ್ಳು ಪುಡಿ, ಹುರಿದ ಕಡ್ಲೆಕಾಯಿ, ಬೆಲ್ಲ. ಚಿತ್ರಾನ್ನ ಮಧ್ಯಾಹ್ನಕ್ಕೆ ಮಾತ್ರ, ಸಂಜೆಗೆ ಹಳಸುತ್ತೆ. ಒಂದು ಜೊತೆ ಬಟ್ಟೆ, ಟಾರ್ಚು. ತಲೆಗೆ ಎರಡು ಲೀಟರು ನೀರು, ಜೊತೆಗೆ ಐದು ಲೀಟರಿನ ಕ್ಯಾನೊಂದು, ಸರದಿ ಮೇಲೆ ಹೊರೋದು. ಸೊಂಟದ ಮೇಲೆ ಕೊಡ ಹೊತ್ತವರಿಗೆ ಇದೇನು ಭಾರ ಅಂತೀರಾ? ಬೆನ್ನ ಮೇಲಿನ ಭಾರವೇ ಬೇರೆ, ಹೆಗಲು ಕಿತ್ತು ಬರುತ್ತೆ.

ಏರಿ ಮೇಲೆ ನಡೆಯೋದು ಸುಲಭ. ಎದುರು ದಡದಲ್ಲಿ ದಾರಿ ಅನ್ನೋದೇ ಇಲ್ಲ. ಒಂದು ಕಡೆ ಕಲ್ಲು ಬಂಡೆ, ಇನ್ನೊಂದು ಕಡೆ ಜಾಲಿ ಮುಳ್ಳು, ಕೆರೆ ಅಂಗಳದಲ್ಲಿ ಕಾಲಿಟ್ರೆ ಮೊಳಕಾಲುದ್ದ ಕೆಸರು. ಮಾಲೂರಿನ ಅತ್ತಿಗೆಗೆ ಮಂಡಿ ನೋವು. ಅವರನ್ನ ಕೊನೇಲಿ ಬಿಡದೆ ಎಲ್ಲರಿಗಿಂತ ಮುಂದೆ ನಡೆಸಿದ್ವಿ. ಹಿಂದೆ ಬಿಟ್ರೆ ಓಡೋಡಿ ಸುಸ್ತಾಗ್ತಾರೆ, ಮುಂದಿದ್ರೆ ಅವರ ಹೆಜ್ಜೆಗೇ ಎಲ್ಲರೂ ನಡೀತಾರೆ.

ಬಿಸಿಲು ನೆತ್ತಿಗೇರೋ ಹೊತ್ತಿಗೆ ಮುಳಬಾಗಿಲಿನ ದೊಡ್ಡತ್ತೆ ನೀರಿಗಿಳಿದು ಮುಖಕ್ಕೆ ಬೊಗಸೆ ಎತ್ತಿದ್ರು. ನನ್ನ ತಂಗಿ ಕೈ ಹಿಡಿದ್ಲು. "ಬೇಡ ಅತ್ತೆ, ಇದು ಕುಡಿಯೋ ನೀರಲ್ಲ, ಭೂಮಿಗೆ ಇಂಗಿಸೋ ನೀರು."

"ನಮ್ಮ ಕಾಲದಲ್ಲಿ ಕೆರೆಗೆ ಬಗ್ಗಿ ಕುಡೀತಿದ್ವಿ ಕಣೇ."

"ಆ ಕೆರೆ ಮಳೆ ನೀರಿಂದು ಅತ್ತೆ."

ದೊಡ್ಡತ್ತೆ ಬೊಗಸೆ ಬಿಟ್ಟು ಸುಮ್ಮನೆ ಕೂತ್ರು. ನಾನು ನನ್ನ ಬಾಟ್ಲಿಯಿಂದ ಅವರ ಕೈಗೆ ನೀರು ಹುಯ್ದೆ. ಕಣ್ಣು ಹಾಯೋವರೆಗೆ ನೀರು, ಕೊಕ್ಕರೆ ಬೇರೆ ಇಳಿದಿವೆ, ಆದ್ರೂ ಒಂದು ಗುಟುಕಿಗೆ ನಾವು ಹೊತ್ತುಕೊಂಡೇ ಬರಬೇಕು. ಚಿಕ್ಕಮ್ಮನ ಮನೆ ಹಿಂದಿನ ಬೋರಲ್ಲಿ ನೀರು ಮೇಲೆ ಬಂದಿದೆ, ಟ್ಯಾಂಕರಿಗೆ ಫೋನ್ ಮಾಡೋದು ನಿಂತಿದೆ. ಅದು ಸಣ್ಣ ಮಾತಲ್ಲ. ಕುಡಿಯೋಕೆ ಮಾತ್ರ ಇವತ್ತಿಗೂ ಅವರು ಕ್ಯಾನ್ ನೀರೇ ತರ್ತಾರೆ. ಮೂರನೇ ಹಂತದ ಶುದ್ಧೀಕರಣವೂ ಆಗಲಿ ಅಂತ ನಮ್ಮ ಜನ ಕೇಳ್ತಾ ಇರೋದು ಇದಕ್ಕೇ. ಕೆರೆ ತುಂಬಿದೆ ಅಂತ ಖುಷಿ ಪಟ್ಟವರೇ ಅದನ್ನೂ ಕೇಳಬೇಕು. ನೀರು ಹೊತ್ತವರು ನಾವು, ನಾವು ಕೇಳದಿದ್ರೆ ಇನ್ಯಾರು ಕೇಳ್ತಾರೆ?

ಮುಂದಿನ ಸಲ ಬೇತಮಂಗಲದ ಕೆರೆಗೆ, ಅವರೆಕಾಯಿ ಕಾಲ ಮುಗಿದ ಮೇಲೆ. ಬರೋರು ಈಗಲೇ ಹೇಳಿ. ಹಳೇ ಚಪ್ಪಲಿ ಬೇಡ, ಜಾಲಿ ಮುಳ್ಳು ಅಟ್ಟೆ ತೂರಿ ಬರುತ್ತೆ. ನೀರು ಅವರವರದು ಅವರೇ ತರಬೇಕು. ಮಂಡಿ ನೋವಿರೋರು ಹಿಂಜರೀಬೇಡಿ, ನಿಮ್ಮನ್ನ ಮುಂದೆ ಬಿಡ್ತೀವಿ.