ಏಣಿಗೆ ನಡುವಿನ ಮೆಟ್ಟಿಲೂ ಬೇಕು

ಆನೆ ಕೊಳ್ಳುವುದಕ್ಕಿಂತ ಅದನ್ನು ಸಾಕುವುದು ಕಷ್ಟ ಎಂದು ಹಿರಿಯರು ಹೇಳುತ್ತಾರೆ. ರ‍್ಯಾಲಿ ಕಾರುಗಳ ವಿಷಯ ಬಂದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಮಕ್ಕಳೇ, ರ‍್ಯಾಲಿಯಲ್ಲಿ ಕಾರುಗಳು ಒಂದೇ ಟ್ರ್ಯಾಕಿನಲ್ಲಿ ಸುತ್ತು ಹಾಕುವುದಿಲ್ಲ. ಕಾಡು, ಗುಡ್ಡ, ತೋಟಗಳ ನಡುವಿನ ಮಾಮೂಲಿ ರಸ್ತೆಯನ್ನು ಕೆಲವು ಗಂಟೆ ಮುಚ್ಚಿ, ಒಂದೊಂದೇ ಕಾರನ್ನು ಬಿಡುತ್ತಾರೆ. ಪಕ್ಕದಲ್ಲಿ ಕುಳಿತ ಸಹಚಾಲಕರು ತಿರುವುಗಳ ಟಿಪ್ಪಣಿ ಓದುತ್ತಾರೆ. ಒಟ್ಟು ಸಮಯ ಯಾರದು ಕಡಿಮೆಯೋ ಅವರಿಗೆ ಗೆಲುವು. ಚಿಕ್ಕಮಗಳೂರಿನ ಕಾಫಿ ತೋಟಗಳ ರಸ್ತೆಗಳಲ್ಲೂ ರ‍್ಯಾಲಿ ನಡೆಯುತ್ತದೆ. ಮುಂದಿನ ನಾಲ್ಕೈದು ಕಾರುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುತ್ತವೆ. ಆಮೇಲೆ ದಿನವಿಡೀ ಬರುವ ಕಾರುಗಳಲ್ಲಿ ಹೆಚ್ಚಿನವು ಖಾಸಗಿ ತಂಡಗಳವು. ಸ್ವಂತ ದುಡ್ಡು, ಸಣ್ಣಪುಟ್ಟ ಪ್ರಾಯೋಜಕರು, ರಾತ್ರಿಯೆಲ್ಲ ಸ್ಪ್ಯಾನರ್ ಹಿಡಿಯುವ ಗೆಳೆಯರು, ಇದೇ ಅವರ ಬಂಡವಾಳ. ಅವರು ಬಾರದಿದ್ದರೆ ರ‍್ಯಾಲಿ ಅರ್ಧ ಗಂಟೆಯಲ್ಲಿ ಮುಗಿದುಹೋದೀತು.

ಇಂಥವರಿಗೆಂದೇ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ 2013ರಲ್ಲಿ ಆರ್5 ಎಂಬ ವರ್ಗವನ್ನು ತಂದಿತು. 1.6 ಲೀಟರಿನ ಟರ್ಬೊ ಎಂಜಿನ್, ನಾಲ್ಕೂ ಚಕ್ರಗಳಿಗೆ ಶಕ್ತಿ, ಬೆಲೆಗೆ 1,80,000 ಯೂರೋ ಮಿತಿ. ನಮ್ಮ ಗೌರವ್ ಗಿಲ್ 2016 ಮತ್ತು 2017ರಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್ ಆದದ್ದು ಸ್ಕೋಡಾ ಫ್ಯಾಬಿಯಾ ಆರ್5 ಕಾರಿನಲ್ಲಿ. ಈ ವರ್ಗಕ್ಕೆ ಈಗ ರ‍್ಯಾಲಿ2 ಎಂದು ಹೆಸರು. ಅದರ ಕೆಳಗಿನ ರ‍್ಯಾಲಿ5, ರ‍್ಯಾಲಿ4 ಕಾರುಗಳಲ್ಲಿ ಎರಡೇ ಚಕ್ರಗಳಿಗೆ ಶಕ್ತಿ. ಅಲ್ಲಿಂದ ನೇರ ರ‍್ಯಾಲಿ2ಕ್ಕೆ ಏರುವುದೆಂದರೆ ಏಣಿಯ ಎರಡು ಮೆಟ್ಟಿಲು ಒಟ್ಟಿಗೆ ಜಿಗಿದಂತೆ. ಕೌಶಲಕ್ಕೂ ಕಷ್ಟ, ಜೇಬಿಗಂತೂ ಇನ್ನೂ ಕಷ್ಟ.

ಆ ಖಾಲಿ ಜಾಗಕ್ಕೆ 2021ರಲ್ಲಿ ರ‍್ಯಾಲಿ3 ಬಂತು. ಮೊದಲ ಕಾರು ಫೋರ್ಡ್ ಫಿಯೆಸ್ಟಾ. ಪೋಲೆಂಡಿನ ಕ್ರಾಕೋವ್‌ನಲ್ಲಿ ಎಂ-ಸ್ಪೋರ್ಟ್ ತಯಾರಿಸಿದ್ದು. ಮೂರು ಸಿಲಿಂಡರಿನ 1.5 ಲೀಟರ್ ಎಂಜಿನ್, ನಾಲ್ಕು ಚಕ್ರಗಳ ಶಕ್ತಿ, ಬೆಲೆಯ ಮಿತಿ 1,00,000 ಯೂರೋ. ಯೂರೋಗೆ ನೂರು ರೂಪಾಯಿ ಎಂದು ಲೆಕ್ಕ ಹಿಡಿದರೆ ಒಂದು ಕೋಟಿ.

‘ಒಂದು ಕೋಟಿ ಅಗ್ಗವೇ?’ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಆದರೆ ನನ್ನ ಮಟ್ಟಿಗೆ ಈ ವರ್ಗದ ಬೆಲೆ ಇರುವುದು ಆನೆ ಸಾಕುವ ಲೆಕ್ಕದಲ್ಲಿ. ಟೈರು, ಬ್ರೇಕು, ಇಂಧನ, ಸಾಗಣೆ, ಇಷ್ಟು ಕಿಲೋಮೀಟರ್ ಓಡಿದ ಮೇಲೆ ಬಿಚ್ಚಿ ಕಟ್ಟಬೇಕಾದ ಗೇರ್‌ಬಾಕ್ಸು, ಇವೇ ಖಾಸಗಿ ತಂಡಗಳನ್ನು ಮಲಗಿಸುವುದು. ಶಕ್ತಿ ಕಡಿಮೆ ಇದ್ದರೆ ಗೇರ್‌ಬಾಕ್ಸಿಗೂ ಕ್ಲಚ್ಚಿಗೂ ಶ್ರಮ ಕಡಿಮೆ, ಅವು ಹೆಚ್ಚು ದಿನ ಬಾಳುತ್ತವೆ. 2022ರಲ್ಲಿ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನ ಹುಡುಗರಿಗೆಲ್ಲ ಇದೇ ಫಿಯೆಸ್ಟಾ ಕೊಟ್ಟದ್ದು ಸರಿಯಾದ ನಿರ್ಧಾರವೆಂದು ನನಗೆ ಅನಿಸಿದೆ. ಎಲ್ಲರಿಗೂ ಒಂದೇ ಕಾರಾದಾಗ ದುಡ್ಡು ಹಿಂದೆ ಸರಿಯುತ್ತದೆ, ಕೈಚಳಕ ಮುಂದೆ ಬರುತ್ತದೆ.

ಏಣಿಯ ತುದಿಯಲ್ಲೂ ಬದಲಾವಣೆ ಬರುತ್ತಿದೆ. 2025ರಲ್ಲಿ ವಿಶ್ವ ರ‍್ಯಾಲಿಯ ಮೇಲ್ವರ್ಗದಲ್ಲಿದ್ದದ್ದು ಟೊಯೊಟಾ, ಹ್ಯುಂಡೈ, ಫೋರ್ಡ್ ಎಂಬ ಮೂರೇ ಹೆಸರು. 2027ರ ಹೊಸ ನಿಯಮ ಕಾರಿನ ಬೆಲೆಯನ್ನು 3,45,000 ಯೂರೋಗೆ ಮಿತಿಗೊಳಿಸುತ್ತದೆ. ದೊಡ್ಡ ಕಂಪನಿಗಳ ಹೊರಗಿನವರೂ ಕಾರು ಕಟ್ಟಬಹುದು. ಖಾಸಗಿಯವರಿಗೆ ತುದಿ ಮುಟ್ಟುವ ಯೋಗ್ಯತೆ ಇದೆಯೇ ಎಂದು ಅನುಮಾನ ಬೇಡ. 2017ರಲ್ಲಿ ಸೆಬಾಸ್ಟಿಯನ್ ಓಜಿಯೆ ವಿಶ್ವ ಚಾಂಪಿಯನ್ ಆದದ್ದು ಇಂಗ್ಲೆಂಡಿನ ಕಂಬ್ರಿಯಾದ ಎಂ-ಸ್ಪೋರ್ಟ್ ಎಂಬ ಖಾಸಗಿ ತಂಡದಲ್ಲಿ. ಆ ವರ್ಷ ತಯಾರಕರ ಪ್ರಶಸ್ತಿಯೂ ಅದಕ್ಕೇ ಸಂದಿತು. ಆ ತಂಡ ಬೇರೆ ಖಾಸಗಿ ಸ್ಪರ್ಧಿಗಳಿಗೆ ಫಿಯೆಸ್ಟಾ ಮಾರಿಯೇ ಸಂಪಾದಿಸುತ್ತಿತ್ತು.

ಇನ್ನು ಮುಂದೆ ಯಾರಾದರೂ ಹೊಸ ವರ್ಗದ ಕಾರು ಅಗ್ಗ ಎಂದರೆ, ನೀವು ಎರಡು ಪ್ರಶ್ನೆ ಕೇಳಿ. ಒಂದು ಕಿಲೋಮೀಟರ್ ಓಡಿಸಲು ಎಷ್ಟು ಖರ್ಚು? ಮೂರು ವರ್ಷ ಓಡಿಸಿದ ಮೇಲೆ ಅದನ್ನು ಯಾರು ಕೊಳ್ಳುತ್ತಾರೆ? ಎರಡನೆಯದು ನನಗೆ ಹೆಚ್ಚು ಮುಖ್ಯ. ಒಬ್ಬರು ಬಿಟ್ಟ ಹಳೆಯ ಕಾರೇ ಇನ್ನೊಂದು ಊರಿನ ಹುಡುಗಿಗೋ ಹುಡುಗನಿಗೋ ಏಣಿಯ ಮೊದಲ ಮೆಟ್ಟಿಲಾಗುತ್ತದೆ.